ಹಗೇವಿಗೆ ಇಳಿದ ಸ್ಪೇನಿನ ಬಾಟ್ಲಿ

ಹಾನಗಲ್ ಬಸ್ ನಿಲ್ದಾಣದ ಹೊರಗೆ ನೇರಳೆ ಹಣ್ಣಿನ ಬುಟ್ಟಿ ಕಂಡರೆ ಅದನ್ನು ದಾಟಿ ಹೋಗುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ದೇವರ ವಿಷಯದಲ್ಲಿ ನನ್ನ ತಕರಾರು ಬೇರೆಯೇ ಇದೆ. ಅದನ್ನು ಇಲ್ಲಿ ಎತ್ತಿದರೆ ಶಿಗ್ಗಾಂವ ಬಂದರೂ ಮುಗಿಯುವುದಿಲ್ಲ. ಇವತ್ತು ಒಂದು ಪೊಟ್ಟಣ ಕೊಂಡು, ಮೇಲೆ ಉಪ್ಪು ಹಾಕಿಸಿಕೊಂಡು, ಶಿಗ್ಗಾಂವದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕೂತೆ. ನಾಲ್ಕು ಹಣ್ಣು ಒಳಗೆ ಹೋಗುವಷ್ಟರಲ್ಲಿ ನಾಲಿಗೆ ಒರಟಾಯಿತು, ಒಸಡು ಬಿಗಿಯಿತು, ಕೆನ್ನೆ ಒಳಗಿನಿಂದ ಹಲ್ಲಿಗೆ ಅಂಟಿಕೊಂಡಿತು. ಒಗರು ಎಂದರೆ ಇದು. ಸಿಹಿಯನ್ನು ಮೊದಲು ಕಳಿಸಿ, ಆಮೇಲೆ ತಾನು ಬಂದು ಮನೆ ಹಿಡಿಯುವ ರುಚಿ.

ಇದೇ ಒಗರನ್ನು ನಾನು ಒಮ್ಮೆ ಸ್ಟೀಲ್ ಲೋಟದಲ್ಲಿ ಕುಡಿದಿದ್ದೇನೆ. ಅದು ಸ್ಪೇನ್ ದೇಶದ ಕೆಂಪು ವೈನು. ಕುಡಿದದ್ದು ಹಾನಗಲ್ಲಿನಲ್ಲಿ, ನಮ್ಮ ಆಯಿಯ ಮನೆಯ ಮಾಳಿಗೆಯ ಮೇಲೆ. ಆಯಿ ಎಂದರೆ ನನ್ನ ಅವ್ವನ ಅವ್ವ. ವಿಭೂತಿ ಹಚ್ಚಿಕೊಳ್ಳದೆ ನೀರೂ ಕುಡಿಯದವಳು. ಅಂಥ ಮನೆಯ ಮಾಳಿಗೆಗೆ ಸ್ಪೇನ್ ಹೇಗೆ ಹತ್ತಿತು ಎಂದು ನೀವು ಕೇಳಬಹುದು. ಹಿತ್ತಲ ಮೆಟ್ಟಿಲಿನಿಂದ ಹತ್ತಿತು. ಹತ್ತಿಸಿದವನು ಈರಣ್ಣ ಮಾಮಾ.

ಮಾಮಾ ಅವ್ವನ ಕೊನೆಯ ತಮ್ಮ. ಹರೆಯದಲ್ಲಿ ಗೋವಾದ ಸಮುದ್ರ ದಂಡೆಯ ಹೋಟೆಲ್ಲೊಂದರ ಅಡುಗೆಮನೆ ಸೇರಿದವನು ಬಹಳ ವರ್ಷ ಅಲ್ಲಿಯೇ ಉಳಿದ. ಪ್ರತಿ ಚಳಿಗಾಲಕ್ಕೆ ಅಲ್ಲಿಗೆ ಬರುತ್ತಿದ್ದ ಸ್ಪೇನಿನ ಮುದುಕನೊಬ್ಬ, ಹೋಟೆಲ್ಲಿನ ಊಟ ಬೇಸರವಾಗಿ, ಮಾಮಾ ತನಗೆಂದು ಬಡಿದುಕೊಂಡಿದ್ದ ಜೋಳದ ರೊಟ್ಟಿ, ಎಣ್ಣೆಗಾಯಿಯಲ್ಲಿ ಪಾಲು ಕೇಳಿದನಂತೆ. ಮರುವರ್ಷ ಬರುವಾಗ ತನ್ನ ಊರಿನ ವೈನಿನ ಎರಡು ಬಾಟ್ಲಿ ತಂದುಕೊಟ್ಟ. ಒಂದನ್ನು ಈಗ ಕುಡಿ, ಇನ್ನೊಂದನ್ನು ಕತ್ತಲಲ್ಲಿ ಮಲಗಿಸಿ ಮರೆತುಬಿಡು ಅಂದನಂತೆ. ಮಾಮಾ ಗೋವಾ ಬಿಟ್ಟು ಶಿಗ್ಗಾಂವದ ಹೆದ್ದಾರಿ ಬದಿಗೆ ಸ್ವಂತ ಖಾನಾವಳಿ ತೆಗೆಯಲು ಬಂದಾಗ ಅವನ ಚೀಲದಲ್ಲಿ ಆ ಎರಡೂ ಇದ್ದವು.

ನಾನು ಆಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದಕ್ಕಿಂತ, ಊರೂರಿನ ಚರ್ಚಾಸ್ಪರ್ಧೆಗಳಿಗೆ ಹೋಗಿ ಜಗಳಾಡಿ ಬಹುಮಾನದ ಢಾಲು ತರುತ್ತಿದ್ದೆ ಎನ್ನುವುದು ಸರಿ. ಪರವಾಗಿ ಮಾತಾಡೆಂದರೆ ಪರ, ವಿರೋಧವಾಗಿ ಎಂದರೆ ವಿರೋಧ. ಆ ಚಟ ಮನೆಯವರೆಗೂ ಬಂದಿತ್ತು. "ಇವತ್ತ ಭಾಳ ಸೆಕಿ ಐತಿ" ಎಂದರೆ "ಯಾವುದಕ್ಕ ಹೋಲಿಸಿ?" ಎಂದು ಕೇಳುವ ಹುಡುಗಿಯನ್ನು ಯಾರು ತಾನೇ ಹತ್ತಿರ ಕೂಡಿಸಿಕೊಳ್ಳುತ್ತಾರೆ? ಮಾಮಾ ಕೂಡಿಸಿಕೊಳ್ಳುತ್ತಿದ್ದ. ಮೊದಲನೆಯ ಬಾಟ್ಲಿಯ ಬಿರಡೆ ತೆಗೆದ ಸಂಜೆ ಮಾಳಿಗೆಗೆ ಕರೆದದ್ದೂ ನನ್ನನ್ನೇ.

"ಇದು ಒಂದ ದ್ರಾಕ್ಷಿದಲ್ಲವಾ, ಮೂರು ಕೂಡಿಸಿದ್ದು" ಎಂದು ಲೋಟಕ್ಕೆ ಬಗ್ಗಿಸಿದ. "ನಿಮ್ಮವ್ವ ಮಸಾಲಿ ಖಾರ ಕುಟ್ಟಿಸುವಾಗ ಬರೇ ಬ್ಯಾಡಗಿ ಮೆಣಸಿನಕಾಯಿ ಹಾಕ್ತಾಳೇನು? ಬಣ್ಣಕ್ಕ ಬ್ಯಾಡಗಿ, ಖಾರಕ್ಕ ಗುಂಟೂರ. ಇದೂ ಹಂಗ. ಗರ್ನಾಚಾ ಅಂತ ಒಂದು, ಅದು ಹಣ್ಣಿನ ಸಿಹಿ. ಮೊನಾಸ್ತ್ರೆಲ್ ಅಂತ ಇನ್ನೊಂದು, ಅದು ಬಣ್ಣ, ಮತ್ತ ಸಿಟ್ಟು."

"ಮೂರನೇದು?"

"ಅದರ ಹೆಸರು ಮರತೇನಿ. ಇವೆರಡೂ ಬಡದಾಡದಂಗ ನಡುವ ನಿಂದರತೈತಿ."

ಮೂಗಿಗೆ ಕರಿಮೆಣಸು ಬಂತು, ಕರಕಲಾದ ಬೆಲ್ಲ ಬಂತು, ಹೊಸ ಚಪ್ಪಲಿಯ ತೊಗಲೂ ಬಂತು. ಆಸೆಯಿಂದ ಒಂದು ದೊಡ್ಡ ಗುಟುಕು ತೆಗೆದುಕೊಂಡೆ. ಬಾಯಿ ಅಲ್ಲಿಯೇ ಬಂದ್ ಆಯಿತು.

"ಎಳೇ ಅಡಿಕಿ ಕಡದಂಗಾತು."

"ಎಳೇದೈತಿ ಅದಕ್ಕ. ಸಿಟ್ಟಿನ ವಯಸ್ಸು. ಎರಡನೇದ್ದನ್ನ ನಾಕೈದು ವರ್ಷ ಬಿಟ್ಟು ತಗದ್ರ ನೋಡು."

"ಮಾಮಾ, ಕಾಲ ಎಲ್ಲಾನೂ ಕೆಡಸತೈತಿ. ಚಲೋ ಮಾಡಿದ್ದಕ್ಕ ಒಂದರ ಸಾಕ್ಷಿ ಕೊಡು."

"ಹಳೇ ಅಕ್ಕಿ."

"ಅದು ಬರೇ ಒಣಗಿದ್ದು."

"ಹಳೇ ಹುಣಸಿಹಣ್ಣು."

"ಅದು ಬರೇ ಕಪ್ಪಾದದ್ದು."

"ನಾನು!" ಅಂದ, ನಲವತ್ತು ದಾಟಿದ ಬ್ರಹ್ಮಚಾರಿ. ನಾನು ಅವನ ನೆತ್ತಿಯನ್ನು ನೋಡಿದೆ. ಅಲ್ಲಿ ಕೂದಲಿರಲಿಲ್ಲ. ಅವನು ಹೊಟ್ಟೆ ಹಿಡಿದು ನಕ್ಕ. ನನ್ನ ವಾದಕ್ಕೆ ಸೋತು ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಎರಡನೆಯ ಬಾಟ್ಲಿ ಹಗೇವಿಗೆ ಹೋಯಿತು. ಹಗೇವು ನೋಡದವರಿಗಾಗಿ ಹೇಳುತ್ತೇನೆ: ಅಂಗಳದ ನೆಲದೊಳಗೆ ದೊಡ್ಡ ಗಡಿಗೆಯ ಆಕಾರದಲ್ಲಿ ತೋಡಿದ ಕಾಳಿನ ಕಣಜ ಅದು. ಬಾಯಿ ಒಬ್ಬರು ಇಳಿಯುವಷ್ಟೇ ಸಣ್ಣದು, ಹೊಟ್ಟೆ ಮಾತ್ರ ಭಾರಿ. ಕಾಳು ತುಂಬಿ, ಹುಲ್ಲು ಹೊದಿಸಿ, ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಒಳಗೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ. ಆಯಿಯ ಹಗೇವು ಎಷ್ಟೋ ಕಾಲದಿಂದ ಖಾಲಿ ಬಿದ್ದಿತ್ತು. ಸ್ಪೇನಿನ ಮುದುಕ ಹೇಳಿದ ಕತ್ತಲು ಇದಕ್ಕಿಂತ ಚೆನ್ನಾಗಿ ಎಲ್ಲಿ ಸಿಗಬೇಕು? ಮಾಮಾ ಬಾಟ್ಲಿಯನ್ನು ಹಳೆಯ ಧೋತರದಲ್ಲಿ ಸುತ್ತಿ ಒಳಗೆ ಮಲಗಿಸಿ ಬಂದ.

ಆ ವರ್ಷ ಜೋಳ ಭರ್ಜರಿಯಾಗಿ ಬಂತು. ಮಾಮಾ ಶಿಗ್ಗಾಂವದಲ್ಲಿದ್ದಾಗ ಆಯಿ ಆಳು ಕರೆಸಿ ಹಗೇವು ತುಂಬಿಸಿ ಬಾಯಿ ಮುಚ್ಚಿಸಿಬಿಟ್ಟಳು. ಹಗೇವಿಗೆ ಒಂದು ನೇಮವಿದೆ. ಒಮ್ಮೆ ತೆರೆದರೆ ಅಷ್ಟೂ ಕಾಳು ಹೊರಗೆ ಬರಬೇಕು. ಅರ್ಧ ತೆಗೆದು ಮುಚ್ಚಿದರೆ ಥಂಡಿ ಹಿಡಿದು ಉಳಿದದ್ದು ಹಾಳಾಗುತ್ತದೆ. ಒಂದು ಬಾಟ್ಲಿಯ ಸಲುವಾಗಿ ಆ ಜೋಳವನ್ನೆಲ್ಲ ಹೊರಗೆ ಹಾಕಿಸು ಎಂದು ಆಯಿಗೆ ಹೇಳುವ ಗಂಡಸು ಹಾನಗಲ್ ತಾಲೂಕಿನಲ್ಲಿ ಹುಟ್ಟಿರಲಿಲ್ಲ. ಮಾಮಾ ತನ್ನ ಖಾನಾವಳಿಗೆ ಮರಳಿದ. ಜೋಳದ ಕೆಳಗೆ ಸ್ಪೇನ್ ಮಲಗಿತು. ಒಂದಾದ ಮೇಲೊಂದು ವರ್ಷ ಹೋಯಿತು.

ಹೀಗಿರುವಾಗ ಸವಣೂರಿನ ಬಾಬಾಸಾಬ್ ಚಾಚಾ ಒಂದು ಸಂಬಂಧ ತಂದರು. ಚಾಚಾರದು ವೀಳ್ಯದೆಲೆಯ ವ್ಯಾಪಾರ. ಎಲೆಯ ಪೆಂಡಿಯ ಜೊತೆಗೆ ಹಿರೇಕೆರೂರು ಸೀಮೆಯ ಸುದ್ದಿಯೆಲ್ಲ ಅವರ ಹತ್ತಿರ ಇರುತ್ತಿತ್ತು. "ಚಿಕ್ಕೇರೂರಾಗ ಕಸ್ತೂರಿ ಟೀಚರ್ ಅಂತ ಅದಾರ್ರಿ, ಹೈಸ್ಕೂಲಿಗೆ ವಿಜ್ಞಾನ ಕಲಸ್ತಾರ. ನಿಮ್ಮ ಪೈಕಿನವರ. ವಯಸ್ಸು ಈರಣ್ಣಾರಷ್ಟ. ಮಾತು ಮಾತ್ರ ಖಡಕ್."

ಎಷ್ಟು ಖಡಕ್ ಎಂದರೆ, ಗುಟ್ಕಾ ಮುಟ್ಟುವುದಿಲ್ಲವೆಂದು ಆಣೆ ಇಟ್ಟ ಒಬ್ಬ ವರನನ್ನು, ಅವನ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಗುಟ್ಕಾ ಚೀಟಿ ನೋಡಿ, ಚಹಾ ಬರುವ ಮೊದಲೇ ಎಬ್ಬಿಸಿ ಕಳಿಸಿದ್ದರಂತೆ. ಇದನ್ನು ಕೇಳಿದ ಮಾಮಾ ಮೊದಲ ಫೋನಿನಲ್ಲಿಯೇ ಎಲ್ಲವನ್ನೂ ಹೇಳಿಬಿಟ್ಟ: ಗೋವಾ, ಬೋಳುತಲೆ, ವರ್ಷಕ್ಕೆ ಒಂದೆರಡು ಸಲದ ವೈನು, ಹಗೇವಿನ ಬಾಟ್ಲಿ. ಆ ಕಡೆಯಿಂದ ಬಂದ ಉತ್ತರವನ್ನು ಅವನು ನಮಗೆಲ್ಲ ಎಷ್ಟು ಸಲ ಒಪ್ಪಿಸಿದನೆಂದರೆ ನನಗೂ ಬಾಯಿಪಾಠವಾಗಿದೆ. "ಕಾಯ್ದು ಇಟ್ಟೇನಿ ಅಂತೀರಲ್ಲ, ಅದನ್ನ ನನ್ನ ಮುಂದ ತಗೀರಿ. ಕಾಯ್ದೀರೋ ಕೆಡಸೀರೋ ನೋಡ್ತೇನಿ. ಆಮ್ಯಾಲ ಹೇಳ್ತೇನಿ."

ಅಂದಿನಿಂದ ಮಾಮಾನ ಖಾನಾವಳಿಯ ಪಲ್ಯಕ್ಕೆ ಉಪ್ಪು ಎರಡೆರಡು ಸಲ ಬೀಳತೊಡಗಿತು. ಅವನಿಗೆ ಆ ದನಿ ಹಿಡಿಸಿಬಿಟ್ಟಿತ್ತು. ಬಾಟ್ಲಿ ಕೆಟ್ಟಿದ್ದರೆ ಆ ದನಿ ಮತ್ತೆ ಕೇಳುವುದಿಲ್ಲ. ಕಾಲ ಎಲ್ಲವನ್ನೂ ಕೆಡಿಸುತ್ತದೆ ಎಂದು ವಾದಿಸಿ ಗೆದ್ದಿದ್ದ ನಾನು ಈಗ, ನನ್ನ ಜೀವಮಾನದಲ್ಲಿ ಮೊದಲ ಸಲ, ನನ್ನ ವಾದ ಬಿದ್ದುಹೋಗಲಿ ಎಂದು ಹಂಬಲಿಸುತ್ತಿದ್ದೆ.

ಆಯಿ ಹೆಚ್ಚು ಕೇಳದೆಯೇ ಹಗೇವು ತೆರೆಸಲು ಒಪ್ಪಿದಳು. ಅದೇ ಒಂದು ಆಶ್ಚರ್ಯ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಹಾಸುಗಲ್ಲು ಸರಿಸಿ ಒಂದು ದಿನ ಹಾಗೆಯೇ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಮನುಷ್ಯರು ಇಳಿಯಬೇಕು. ಚಾಚಾರ ಜೊತೆ ಕಸ್ತೂರಿ ಟೀಚರ್ ಬಂದಾಗ ಕಂದೀಲು ಆಗಷ್ಟೇ ಮೇಲೆ ಬಂದಿತ್ತು, ಉರಿಯುತ್ತಲೇ. ಅವರು ಹಗ್ಗದ ಹೊರಸಿನ ಮೇಲೆ ಕೂತು ಎಲ್ಲವನ್ನೂ ನೋಡಿದರು. ಓಣಿಯವರೆಲ್ಲ ಕೈಗೂಡಿಸಿದರು. ಬುಟ್ಟಿ ಬುಟ್ಟಿ ಜೋಳ ಮೇಲೆ ಬಂದು ಅಂಗಳದಲ್ಲಿ ಗುಡ್ಡೆಯಾಯಿತು. ಕೊನೆಗೊಂದು ಬುಟ್ಟಿಯಲ್ಲಿ ಜೋಳದ ನಡುವೆ ಧೋತರದ ಗಂಟು. ಎದುರುಮನೆಯಾಕೆ ಬಿಚ್ಚಿ ನೋಡಿ ಕೂಗಿದಳು: "ಏನ್ರೀ ಅಮ್ಮಾರ, ನಿಮ್ಮ ಜ್ವಾಳಾ ಬಾಟ್ಲಿ ಈದೈತಿ!"

ಓಣಿಗೆ ಓಣಿಯೇ ನಕ್ಕಿತು. ಮಾಮಾ ತೊದಲಿದ. "ಯವ್ವಾ, ಅದು..."

"ಗೊತ್ತೈತಿ" ಅಂದಳು ಆಯಿ. "ಅದನ್ನ ನೋಡೇ ಮ್ಯಾಲ ಜ್ವಾಳಾ ಸುರಿಸೇನಿ. ಹಂಗ ಬಿಟ್ಟಿದ್ರ ನೀ ಎಂದೋ ಕುಡದು ಬಾಟ್ಲಿ ಒಗೀತಿದ್ದಿ. ಈಗ ಆಕಿಗೆ ಏನ ತೋರಸ್ತಿದ್ದಿ, ನಿನ್ನ ಮಾರಿ?"

ಬಿರಡೆ ಅರ್ಧಕ್ಕೆ ಮುರಿಯಿತು. ಉಳಿದದ್ದನ್ನು ಒಳಕ್ಕೆ ನೂಕಿ, ತೆಳುವಾದ ಅರಿವೆಯಲ್ಲಿ ಸೋಸಿ ತಂಬಿಗೆಗೆ ಬಗ್ಗಿಸಿದರು. ಅರಿವೆಯ ಮೇಲೆ ಕೆಂಪು ಗಸಿ ನಿಂತಿತು. ತಂಬಿಗೆಯಿಂದ ವಾಸನೆ ಎದ್ದಿತು. ಪಾಳು ಬಾವಿಗೆ ಬಗ್ಗಿದ ಹಾಗೆ ಮುಗ್ಗಲು. ಎಲ್ಲರೂ ಮಾಮಾನ ಮುಖ ನೋಡಿದರು.

"ಭಾಳ ಚಲೋ ವಾಸನಿ ಐತಿ" ಎಂದು ನಾನು ಘೋಷಿಸಿದೆ, ಸಾಕ್ಷಿಯಿಲ್ಲದೆ, ಆಧಾರವಿಲ್ಲದೆ, ನಾಚಿಕೆಯಿಲ್ಲದೆ.

ಮಾಮಾ ಮತ್ತೊಮ್ಮೆ ಮೂಸಿದ. "ಸುಳ್ಳ ಹೇಳಬ್ಯಾಡವಾ" ಅಂದ. ಆಮೇಲೆ ಹೊರಸಿನ ಕಡೆ ತಿರುಗಿ, "ಟೀಚರ್, ಕೆಟ್ಟೈತ್ರಿ. ನಾ ಕೆಡಸೇನಿ. ನೀವು ರೊಟ್ಟಿ ಉಂಡರ ಹೋಗ್ರಿ" ಅಂದ. ತಂಬಿಗೆಯನ್ನು ಕಟ್ಟೆಯ ಮೇಲಿಟ್ಟ.

ಕಸ್ತೂರಿ ಟೀಚರ್ ಎದ್ದು ಬಂದು ತಂಬಿಗೆಗೆ ಮೂಗು ಒಡ್ಡಿದರು. "ಹಗೇವಿನ ಬಾಯಿ ತಗದು ಒಂದ ದಿನ ಬಿಟ್ರಿ. ಇದೂ ಅಷ್ಟ ವರ್ಷ ಬಾಯಿ ಮುಚ್ಚಿಕೊಂಡ ಕುಂತಿತ್ತು. ಇದಕ್ಕ ಒಂದ ತಾಸರ ಬಿಡಬಾರದೇನ್ರಿ?"

ನನ್ನ ಚಟ ಬಿಡಬೇಕಲ್ಲ. "ಗಾಳಿ ತಾಗಿದ್ರ ವೈನು ಹುಳಿ ಆಗತೈತಿ ಟೀಚರ್. ನೀವ ಪಾಠ ಮಾಡ್ತೀರಿ."

"ಆಗತೈತಿ. ಆದ್ರ ತಾಗಿದ ಕೂಡ್ಲೇ ಆಗಂಗಿಲ್ಲ. ನಿಮಗ ಎಲ್ಲಾದಕ್ಕೂ ಇಷ್ಟ ಅವಸರೇನು?"

ನಾನು ಗಸಿಯ ಅರಿವೆಯನ್ನು ಮಡಚತೊಡಗಿದೆ. ಚಾಚಾ ಎಲೆಗೆ ಸುಣ್ಣ ಸವರುತ್ತ, "ಈ ಹುಡುಗಿ ಬಾಯಿ ಮುಚ್ಚಿದ್ದನ್ನ ನೋಡಿದೆ, ನಾ ಸವಣೂರಿಂದ ಬಂದದ್ದು ಸಾರ್ಥಕ ಆತು" ಅಂದರು.

ಆ ಒಂದು ತಾಸು ಮಾಮಾ ಮತ್ತು ಟೀಚರ್ ಜೋಳದ ಗುಡ್ಡೆಯ ಆಚೆ ಈಚೆ ಕೂತು ಮಾತಾಡಿದರು. ರೊಟ್ಟಿಯ ಹಿಟ್ಟಿಗೆ ಎಷ್ಟು ಬಿಸಿ ನೀರು ಎಂಬಲ್ಲಿಂದ ಹೊರಟು, ಹೆಣ್ಣುಮಗಳ ನೌಕರಿ, ಗಂಡಸಿನ ಅಡುಗೆ, ಗೋವಾದ ಮಳೆ, ಮೊದಲ ಬಾಟ್ಲಿಯ ಸಿಟ್ಟು, ಚಿಕ್ಕೇರೂರಿನ ಬಸ್ಸು, ಎಲ್ಲ ಬಂತು. ಎರಡು ಸಲ ಜಗಳವೂ ಆಯಿತು. ತಂಬಿಗೆಯ ನೆನಪು ಅವರಿಗಿರಲಿಲ್ಲ. ನೆನಪಿಸಿದವಳು ಆಯಿ.

ಈ ಸಲ ಬಾವಿಯ ವಾಸನೆ ಹೋಗಿತ್ತು. ಒಣಗಿದ ಅಂಜೂರ, ಹಳೆಯ ಹುಣಸೆ, ತಂಬಾಕಿನ ಎಲೆ. ಬಾಯಿಗೆ ಹಾಕಿಕೊಂಡರೆ ಹಣ್ಣು ಮೊದಲು ಬಂತು, ಒಗರು ಅದರ ಹಿಂದೆಯೇ, ಮನೆಗೆ ಬಂದ ಹಿರಿಯರಂತೆ ಬಾಗಿಲಲ್ಲಿ ಕೆಮ್ಮಿ. ಹೋಲಿಸಿ ನೋಡಲು ಹಳೆಯ ಲೋಟ ಇಲ್ಲವಲ್ಲ ಎಂಬ ಆಕ್ಷೇಪಣೆ ಗಂಟಲವರೆಗೆ ಬಂದಿತ್ತು. ವೈನಿನ ಜೊತೆಗೇ ನುಂಗಿದೆ. ಚಾಚಾ ತಮ್ಮ ಎಲೆಯಲ್ಲಿಯೇ ತೃಪ್ತರಾಗಿದ್ದರು. ಆಯಿ ಬೆನ್ನು ತಿರುಗಿಸಿ ಕೂತು, "ಹೆಂಗೈತಿ?" ಎಂದು ಮಾತ್ರ ಕೇಳಿದಳು.

ಕಸ್ತೂರಿ ಟೀಚರ್ ತಮ್ಮ ಜೀವಮಾನದ ಮೊದಲ ಗುಟುಕನ್ನು ಬಹಳ ಹೊತ್ತು ಬಾಯಲ್ಲಿ ಇಟ್ಟುಕೊಂಡಿದ್ದರು. "ಒಗರು ಹೋಗಿಲ್ಲ. ಸಿಟ್ಟು ಹೋಗೇತಿ."

"ಹಂಗಾರ ಒಪ್ಪಿಗಿ ಅಂತ ತಿಳಕೊಳ್ಳೂದೇನವಾ?" ಆಯಿ ಈಗ ಪೂರ್ತಿ ತಿರುಗಿದಳು.

"ಅದು ಇದನ್ನ ಕುಡದ ಮ್ಯಾಲ ಆದದ್ದಲ್ರಿ, ಅತ್ತಿಯವರ. ಇವರು 'ಕೆಟ್ಟೈತಿ' ಅಂದ್ರಲ್ಲ, ಆವಾಗ ಆಗಿತ್ತು."

"ಮತ್ತ ಒಂದ ತಾಸು ನಮ್ಮನ್ನ ಯಾಕ ಕಾಯಿಸಿದ್ರಿ?" ಎಂದು ನಾನು ಚೀರಿದೆ.

"ಅದು ವೈನಿನ ಸಲುವಾಗಿ!"

ಬಸ್ಸು ಶಿಗ್ಗಾಂವ ಮುಟ್ಟಿತು. ಮಾಮಾ ಮತ್ತು ಈಗ ನನಗೆ ಅತ್ತಿಯಾದ ಕಸ್ತೂರಿ ಟೀಚರ್ ಇರುವುದು ಖಾನಾವಳಿಯ ಹಿಂದಿನ ಮನೆಯಲ್ಲಿ. ಅತ್ತಿಗೆ ಈ ಕಡೆಗೆ ವರ್ಗವಾಗಿದೆ. ಹೊಸಿಲು ದಾಟುವ ಮೊದಲೇ ಜಗಳ ಕೇಳಿಸಿತು. ಗೋವಾದ ಹಳೆಯ ಗೆಳೆಯರೊಬ್ಬರು ಅದೇ ಸ್ಪೇನಿನ ವೈನು ಒಂದು ಬಾಟ್ಲಿ ಕಳಿಸಿದ್ದರು. ನನ್ನನ್ನು ಕಂಡದ್ದೇ ಇಬ್ಬರೂ ನ್ಯಾಯಕ್ಕೆ ಕೂಡಿಸಿದರು.

"ಇವತ್ತ ತಗಿಯೂಣು ಅಂತ ಹೇಳವಾ ಈಕಿಗೆ. ಇನ್ನ ಕಾಯಾಕ ನನ್ನ ಕೈಲಿ ಆಗಂಗಿಲ್ಲ" ಅಂದ ಮಾಮಾ.

"ಇನ್ನ ನಾಕ ವರ್ಷ ಮುಟ್ಟೂ ಹಂಗಿಲ್ಲ" ಅಂದರು ಅತ್ತಿ.

ನಾನು ಬ್ಯಾಗು ಇಳಿಸಿ, ಗಂಟಲು ಸರಿ ಮಾಡಿಕೊಂಡು, ಕಾಯುವುದರ ಪರವಾಗಿ ಮಾತಾಡಿದೆ. ಅಂಕಿಯಿಲ್ಲ, ಆಧಾರವಿಲ್ಲ, ಆದರೂ ಇಷ್ಟು ಚೆನ್ನಾಗಿ ನಾನು ಯಾವ ವೇದಿಕೆಯ ಮೇಲೂ ಮಾತಾಡಿಲ್ಲ.

ಮಾಮಾ ಕಣ್ಣು ಕಿರಿದು ಮಾಡಿದ. "ಸಾಕ್ಷಿ?"

"ಸಾಕ್ಷಿ ಎರಡೂ ನನ್ನ ಮುಂದ ನಿಂತು ಜಗಳಾಡಾಕತ್ತಾವ."

ಅತ್ತಿ ನಗುತ್ತ ಬಾಟ್ಲಿಯನ್ನು ಒಳಗೆ ಒಯ್ದು ಮಂಚದ ಕೆಳಗೆ ಮಲಗಿಸಿ ಬಂದರು. ತೀರ್ಪು ನನ್ನ ಕಡೆಗೇ ಆಗಿತ್ತು. ಬಿಸಿಲಲ್ಲಿ ಬಂದ ನನಗೆ, ಗೆದ್ದವಳಿಗೆ, ಸಿಕ್ಕಿದ್ದು ಒಂದು ಲೋಟ ಮಜ್ಜಿಗೆ.