ಗುಡ್ಡೆ ಮಾಡಿದ ಚಿತ್ರಗಳು

ನನ್ನ ಅಡುಗೆಮನೆಯ ಬಾಗಿಲ ಹಿಂದೆ ಒಂದು ಆನೆಯ ಚಿತ್ರ ಅಂಟಿಸಿದ್ದೇನಲ್ಲ, ಅದರ ಬೆನ್ನ ಮೇಲೆ ಮನೆಯೊಂದು ತಲೆಕೆಳಗಾಗಿ ಏಕೆ ನಿಂತಿದೆ ಎಂದು ಕಳೆದ ರಜೆಯಲ್ಲಿ ನೀವಿಬ್ಬರೂ ಕೇಳಿದಿರಿ. ನಾನು ಸುಮ್ಮನೆ ನಕ್ಕೆ. ಬಾಯಿಬಿಟ್ಟು ಹೇಳುವುದು ನನಗೆ ಎಂದೂ ಸುಲಭವಲ್ಲ. ಬರೆದರೆ ಆದೀತು.

ನಿಮ್ಮ ತಾತ ಹೋದ ಮೇಲೆ ಎಸ್ಟೇಟ್ ಕೆಲಸ ಬಿಟ್ಟು ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದೆ. ಸುಂಟಿಕೊಪ್ಪದಲ್ಲಿ ಬಸ್ಸಿಳಿದು ತೋಟದ ರಸ್ತೆಯಲ್ಲಿ ಅರ್ಧ ಗಂಟೆ ನಡೆಯಬೇಕು. ಅಲ್ಲಿ ಹಳೆಯ ಕೊಠಡಿಯೊಂದನ್ನು ಚಿತ್ರದ ಕೋಣೆ ಮಾಡಿದ್ದರು. ನಮ್ಮ ಶಾಲೆಯ ಮಕ್ಕಳಿಗೂ ಕೆಳಗಿನ ಹಳ್ಳಿಯ ಚಿಕ್ಕ ಶಾಲೆಯ ಮಕ್ಕಳಿಗೂ ಅದೊಂದೇ. ಆ ಮಕ್ಕಳು ಗುರುವಾರ ಕಾಫಿ ಗಿಡಗಳ ನಡುವೆ ಸಾಲಾಗಿ ನಡೆದು ಬರುತ್ತಿದ್ದರು. ಚಿತ್ರ ಕಲಿಸುವ ಮಿಸ್ ಕೂಡ ಎರಡು ಶಾಲೆಗೂ ಒಬ್ಬರೇ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಸಂಜೆ ಎಲ್ಲರಿಗಿಂತ ಕೊನೆಗೆ ಹೋಗುವವಳು ನಾನೆಂದು ಆ ಕೋಣೆಯ ಬೀಗದ ಕೈ ನನ್ನ ಬಳಿ ಇತ್ತು. ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದೆ. ಗಂಟಿದೆಯೇ ಎಂದು ದಿನಕ್ಕೆ ಎಷ್ಟು ಸಲ ಮುಟ್ಟಿ ನೋಡುತ್ತಿದ್ದೆನೋ. ತೊಳೆದ ಬ್ರಷ್ಷುಗಳನ್ನು ಕೂದಲು ಮೇಲಾಗಿ ನಿಲ್ಲಿಸಬೇಕು, ಬಣ್ಣದ ಡಬ್ಬಿಗಳ ಮುಚ್ಚಳ ಬಿಗಿಯಾಗಿರಬೇಕು, ಕಿಟಕಿ ತೆರೆದಿಡದಿದ್ದರೆ ಹಾಳೆಗಳಿಗೆ ಬೂಷ್ಟು. ಹಿಂದೊಮ್ಮೆ ಯಾರೋ ಮುಚ್ಚಳ ತೆರೆದಿಟ್ಟು ಬಣ್ಣವೆಲ್ಲ ಗಟ್ಟಿಯಾಗಿತ್ತು. ಅದು ಕೆಳಗಿನ ಶಾಲೆಯವರದೇ ಕೆಲಸವೆಂದು ನಮ್ಮ ಹೆಡ್‌ಮಾಸ್ಟರು ನಂಬಿದ್ದರು. ಇನ್ನೊಂದು ಸಲ ಏನಾದರೂ ಹಾಳಾದರೆ ಅವರಿಗೆ ಕೋಣೆ ಇಲ್ಲ ಎಂದು ಹೇಳಿಬಿಟ್ಟಿದ್ದರು.

ಅದೊಂದು ಜನವರಿಯ ಗುರುವಾರ. ಪೋಸ್ಟರ್ ಬಣ್ಣವನ್ನು ಮಕ್ಕಳು ದಪ್ಪಗೆ ಬಳಿದಿದ್ದರು, ಬೇಗ ಒಣಗುತ್ತಿರಲಿಲ್ಲ. ಎರಡೂ ಶಾಲೆಯ ಚಿತ್ರಗಳನ್ನು ಮಿಸ್ ಅಂಗಳದ ಬಿಸಿಲಿಗೆ ಹರಡಿ, ಮೂಲೆಗೊಂದು ಕಲ್ಲಿಟ್ಟು, ನಾಲ್ಕು ಗಂಟೆಗೆ ಒಂದೊಂದಾಗಿ ಒಳಗಿನ ಬೆಂಚುಗಳ ಮೇಲಿಡಲು ನನಗೆ ಹೇಳಿ ಬಸ್ಸಿಗೆ ಹೊರಟರು. ಕೆಳಗಿನ ಶಾಲೆಯ ಒಬ್ಬ ಹುಡುಗಿ, ತೋಟದ ಕೆಲಸಗಾರರ ಲೈನ್ ಮನೆಯಲ್ಲಿರುವವಳು, ತನ್ನ ಮನೆಯನ್ನೇ ನೀಲಿ ಬಾಗಿಲು ಹಾಕಿ ಬರೆದಿದ್ದಳು. ಹೊರಡುವಾಗ ಅಡುಗೆಕೋಣೆಗೆ ಬಂದು ನೀರು ಕುಡಿದು, "ಅಜ್ಜೀ, ನನ್ ಮನೆ ಮೇಲೆ ಯಾರೂ ಕಾಲಿಡ್ದಂಗೆ ನೋಡ್ಕೋ" ಎಂದು ಹೇಳಿ ಹೋದಳು.

ನಾನು ಪಾತ್ರೆ ತೊಳೆಯುತ್ತಿದ್ದೆ. ಇದ್ದಕ್ಕಿದ್ದಂತೆ ಬೆಳಕು ಮಂಕಾಯಿತು. ತಲೆಯೆತ್ತಿದರೆ ತೋಟದ ಮೇಲೆ ಕಪ್ಪು ಮೋಡ. ಇಪ್ಪತ್ತು ವರ್ಷ ಎಸ್ಟೇಟಿನ ಕಣದಲ್ಲಿ ಕಾಫಿ ಒಣಗಿಸಿದವಳು ನಾನು. ಮೋಡ ಕಂಡರೆ ಅಲ್ಲಿ ಯಾರೂ ಯೋಚಿಸುತ್ತ ನಿಲ್ಲುವುದಿಲ್ಲ. ಹಲಗೆಯಲ್ಲಿ ಕಾಫಿ ಎಳೆದು ಗುಡ್ಡೆ ಮಾಡುವುದು, ಟಾರ್ಪಾಲು ಹೊದಿಸುವುದು, ಅಂಚಿಗೆ ಕಲ್ಲು ಹೇರುವುದು. ಕೈ ಅದನ್ನೇ ಮಾಡಿತು. ಚಿತ್ರಗಳನ್ನೆಲ್ಲ ಬಾಚಿ ಒಂದರ ಮೇಲೊಂದು ಹಾಕಿ, ಸೌದೆಯ ಮೇಲಿದ್ದ ಟಾರ್ಪಾಲು ಎಳೆದು ಮುಚ್ಚಿದೆ. ಮಳೆ ಕಾಲು ಗಂಟೆ ಹೊಡೆಯಿತು. ಒಂದು ಹನಿಯೂ ಒಳಗೆ ಹೋಗಲಿಲ್ಲವೆಂದು ನನಗೆ ಸಮಾಧಾನವೂ ಆಯಿತು.

ಟಾರ್ಪಾಲು ಎತ್ತಿದಾಗ ಹಾಳೆಗಳು ಒಳಗೇ ಬೆವರಿ ಮುದ್ದೆಯಾಗಿ ಅಂಟಿಕೊಂಡಿದ್ದವು. ಒಂದನ್ನು ಬಿಡಿಸಲು ಹೋದೆ, ಹರಿಯಿತು. ಕೈಬಿಟ್ಟೆ. ಇಡೀ ಕಟ್ಟನ್ನು ಬೆಂಚಿನ ಮೇಲಿಟ್ಟು ಬೀಗ ಹಾಕಿ ಮನೆಗೆ ಬಂದೆ. ಯಾರಿಗೂ ಹೇಳಲಿಲ್ಲ.

ಮರುದಿನ ಮಿಸ್ ಬರುವ ಮೊದಲೇ ಹೆಡ್‌ಮಾಸ್ಟರು ಕೋಣೆಗೆ ಬಂದರು. ಕೆಳಗಿನ ಶಾಲೆಯವರು ಹಸಿ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಹೋಗಿದ್ದಾರೆ, ಊಟ ಮುಗಿದ ಬೆಲ್ ಆದ ಮೇಲೆ ಆ ಶಾಲೆಗೆ ಫೋನ್ ಮಾಡಿ ಇನ್ನು ಬರುವುದು ಬೇಡ ಎನ್ನುತ್ತೇನೆ ಎಂದರು. ನಾನು ಬಾಗಿಲಲ್ಲೇ ಬೀಗ ಹಿಡಿದು ನಿಂತಿದ್ದೆ.

ಅಡುಗೆಕೋಣೆಗೆ ಬಂದು ಬೀನ್ಸ್ ಹೆಚ್ಚಲು ಕೂತೆ. ನಿಜ ಹೇಳಿದರೆ ಕೈಯಲ್ಲಿರುವ ಕೆಲಸವೂ ಹೋದರೆ ಎಂಬ ಭಯ. ಹೇಳದಿದ್ದರೆ ಆ ಮಕ್ಕಳ ಸಾಲು ಇನ್ನು ಬರುವುದೇ ಇಲ್ಲ. ಸಾರು ಕುದಿಯಿತು, ಅನ್ನ ಬಸಿದೆ, ಮಕ್ಕಳಿಗೆ ಬಡಿಸಿದೆ. ಉಪ್ಪು ಹಾಕಿದೆನೋ ಇಲ್ಲವೋ ಈಗಲೂ ಗೊತ್ತಿಲ್ಲ. ಬೆಲ್ ಹೊಡೆದಾಗ ಕೈ ಒರೆಸಿಕೊಂಡು ಆಫೀಸಿನ ಬಾಗಿಲಿಗೆ ಹೋದೆ. ಹೆಡ್‌ಮಾಸ್ಟರ ಕೈಯಲ್ಲಿ ಆಗಲೇ ಫೋನಿತ್ತು.

"ಸಾರ್, ಅವ್ರಲ್ಲ. ಗುಡ್ಡೆ ಮಾಡಿದ್ದು ನಾನು."

"ಏನ್ ಗುಡ್ಡೆ ಅಕ್ಕ?"

"ಚಿತ್ರ. ಮೋಡ ಬಂತಲ್ಲ. ಕಾಫಿಗೆ ಮಾಡ್ದಂಗೆ ಮಾಡಿ ಟಾರ್ಪಾಲು ಹೊದಿಸ್ಬಿಟ್ಟೆ."

ಆಗಷ್ಟೇ ಬಂದು ಬೀರುವಿನ ಬಳಿ ನಿಂತಿದ್ದ ಮಿಸ್ ನಗು ತಡೆಯಲಾರದೆ, "ಸದ್ಯ, ಹಲಗೆ ಹಾಕಿ ಎಳೀಲಿಲ್ವಲ್ಲ" ಎಂದರು. ಹೆಡ್‌ಮಾಸ್ಟರು ನಗಲಿಲ್ಲ. ನಿನ್ನೆಯೇ ಹೇಳಬಹುದಿತ್ತಲ್ಲ ಎಂದರು. ಅವರು ಫೋನನ್ನು ಮೇಜಿನ ಮೇಲಿಟ್ಟು ಕೈ ಚಾಚಿದರು. ನಾನು ಸೆರಗಿನ ಗಂಟು ಬಿಚ್ಚಿ ಕೊಟ್ಟೆ. ಅವರು ಬೀಗದ ಕೈಯನ್ನು ತಮ್ಮ ಕುರ್ಚಿಯ ಹಿಂದಿನ ಮೊಳೆಗೆ ಹಾಕಿ, ಬೇಕಾದಾಗ ಕೇಳಿ ತೆಗೆದುಕೊಳ್ಳಿ ಎಂದರು.

ಮುಂದಿನ ಗುರುವಾರ ಮಕ್ಕಳ ಸಾಲು ಬಂತು. ಮಿಸ್ ಅಷ್ಟರಲ್ಲಿ ಹಾಳೆಗಳನ್ನು ಮೆಲ್ಲಗೆ ಬಿಡಿಸಿದ್ದರು, ಎಷ್ಟೋ ಹರಿದಿದ್ದವು. ಆ ಹುಡುಗಿ ತನ್ನ ಮನೆಯನ್ನು ಹುಡುಕಿ ಹುಡುಕಿ, ನಮ್ಮ ಶಾಲೆಯ ಮಗು ಬರೆದ ಆನೆಯ ಮೇಲೆ ಕಂಡುಹಿಡಿದಳು. "ಅಜ್ಜೀ, ನನ್ ಮನೇನ ಆನೆ ಹೊತ್ಕೊಂಡ್ ಹೋಗಿದೆ" ಎಂದಳು. ಅವಳಿಗೂ ಅದು ಬೇಡವಾಯಿತು, ಆನೆಯ ಮಗುವಿಗೂ ಬೇಡವಾಯಿತು. ನಾನು ಮನೆಗೆ ತಂದೆ. ಅವಳು ಇನ್ನೊಂದು ಮನೆ ಬರೆದಳು. ಒಣಗಿಸಲು ನಾನು ಕೈ ನೀಡಿದೆ, ಅವಳು ಮಿಸ್ ಕೈಗೆ ಕೊಟ್ಟಳು.

ಈಗ ದಿನಾ ಬೆಳಿಗ್ಗೆ ಆಫೀಸಿನ ಬಾಗಿಲಲ್ಲಿ ನಿಂತು "ಸಾರ್, ಕೀ" ಎನ್ನಬೇಕು. ಅಷ್ಟು ಹೇಳುವ ಮೊದಲು ಬಾಯಿ ಒಣಗುತ್ತದೆ. ಗುರುವಾರ ಮಾತ್ರ ಬೇಗ ಕೇಳಿ, ಆ ಮಕ್ಕಳು ಬರುವುದರೊಳಗೆ ಕಿಟಕಿಗಳನ್ನು ತೆರೆದಿಡುತ್ತೇನೆ.