ಎರಡು ತಿಂಗಳಿಗೆ ಸವೆದ ಬಣ್ಣ

ನನ್ನ ಹೊಸ ಫೋನಿನ ಬಣ್ಣ ಹೋಗಿದೆ. ಈ ವಾರ ಅದನ್ನೇ ಬರೆಯಬೇಕೆಂದುಕೊಂಡಿದ್ದೆ. ಅರ್ಧ ಬರೆದೂ ಆಗಿತ್ತು. ನಗಿಸುವಂಥ ಲೇಖನ. (ನಿಮ್ಮಲ್ಲಿ ಕೆಲವರಾದರೂ ನಗುತ್ತಿದ್ದಿರಿ ಎಂದು ನನ್ನ ನಂಬಿಕೆ.) ಆ ಅರ್ಧವನ್ನು ಹರಿದು ಹಾಕಿಲ್ಲ. ಅದಿಲ್ಲದೆ ಉಳಿದದ್ದನ್ನು ಹೇಳಲು ಬರುವುದಿಲ್ಲ.

ಫೋನು ಕೊಂಡು ಎರಡು ತಿಂಗಳಾಯಿತು. ಕಡುನೀಲಿ ಬಣ್ಣ, ಸುತ್ತ ಮೆಟಲ್ ಅಂಚು, ಹೊಳಪಿಲ್ಲದ ನಯವಾದ ಫಿನಿಶಿಂಗು. ಆ ಬಣ್ಣ ನೋಡಿಯೇ ಕೊಂಡದ್ದು. ಅದಕ್ಕೇ ಕವರ್ ಹಾಕಲಿಲ್ಲ. ಬಣ್ಣ ನೋಡಿ ಕೊಂಡ ವಸ್ತುವಿಗೆ ರಬ್ಬರಿನ ಅಂಗಿ ತೊಡಿಸಿ ಮುಚ್ಚುವುದು ಯಾವ ಬುದ್ಧಿವಂತಿಕೆ?

ಮೊದಲ ತಿಂಗಳಲ್ಲೇ ನಾಲ್ಕೂ ಮೂಲೆಗಳು ಬೆಳ್ಳಗಾದವು. ಎರಡನೆಯ ತಿಂಗಳು ಬಲ ಅಂಚಿನಲ್ಲಿ, ಸ್ವಿಚ್ಚಿನ ಕೆಳಗೆ, ಹುಣಸೆಬೀಜದಷ್ಟು ದೊಡ್ಡ ಬಿಳಿ ಕಲೆ ಎದ್ದಿತು. ಉಜ್ಜಿದರೆ ಹೋಗಲಿಲ್ಲ. ಹೋಗುವುದಕ್ಕೆ ಅದು ಅಂಟಿದ ಕೊಳೆಯಲ್ಲ, ಬಣ್ಣವೇ ಇಲ್ಲದ ಜಾಗ.

ಹೋದ ವಾರ ಸ್ಕೂಟರ್ ಹತ್ತಿ ಕೊಪ್ಪದಿಂದ ಶೃಂಗೇರಿಗೆ ಹೋದೆ. ಕೊಂಡ ಅಂಗಡಿ ಅಲ್ಲಿಯದು. ಅಂಗಡಿಯವರು ಫೋನನ್ನು ಬೆಳಕಿಗೆ ಹಿಡಿದು ನೋಡಿದರು.

"ಹಂಗೆಲ್ಲ ಹೋಗೋ ಬಣ್ಣ ಅಲ್ಲ ಸರ್ ಇದು."

"ಹೋಗಿದೆಯಲ್ರೀ. ಕಣ್ಣೆದುರಿಗೇ ಇದೆ."

"ಕಲ್ಲಿನ ಮೇಲೆ ಗಿಲ್ಲಿನ ಮೇಲೆ ಉಜ್ಜಿದ್ರೋ ಎಂತದೋ."

"ಫೋನನ್ನ ಯಾರಾದ್ರೂ ಕಲ್ಲಿಗೆ ಉಜ್ತಾರಾ ಮಾರಾಯ್ರೆ?"

ಅವರು ಮತ್ತೊಮ್ಮೆ ಕಲೆ ನೋಡಿದರು. ನಂತರ ನನ್ನ ಬಾಯಿ ನೋಡಿದರು.

"ಎಲೆ ಅಡಿಕೆ ಹಾಕ್ತೀರಲ್ಲ ಸರ್?"

ಹಾಕುತ್ತೇನೆ. ಎಲೆಗೆ ಸುಣ್ಣ ಸವರುವುದು ಬಲಗೈ ಹೆಬ್ಬೆರಳಿನಲ್ಲಿ. ಆ ಬೆರಳನ್ನು ಪಂಚೆಗೆ ಒರೆಸಿದಂತೆ ಮಾಡಿ ಫೋನು ಎತ್ತಿಕೊಳ್ಳುತ್ತೇನೆ. ಹೆಬ್ಬೆರಳು ಹೋಗಿ ಕೂರುವುದು ಸ್ವಿಚ್ಚಿನ ಕೆಳಗೆ.

"ಅಷ್ಟೇ ಮತ್ತೆ," ಎಂದರು. "ಸುಣ್ಣ ತಿಂದಿದ್ದು ಇದು. ಈ ಮಾಡೆಲ್ಲು ತಗಂಡು ಹೋದವ್ರಲ್ಲಿ ಎಲೆ ಅಡಿಕೆಯವ್ರೆಲ್ಲ ವಾಪಸ್ ಬಂದಿದಾರೆ. ಎಲ್ಲರದ್ದೂ ಅದೇ ಜಾಗ. ಕಂಪನಿಯವ್ರಿಗೆ ಬರೀತೀನಿ, ಆದ್ರೆ ಫಿನಿಶಿಂಗು ವಾರಂಟಿಗೆ ಬರಲ್ಲ ಸರ್."

ನಾನು ದನಿ ಏರಿಸಿದೆ. ಫೋನು ತಯಾರಿಸುವವರು ಅದನ್ನು ಎತ್ತರದಿಂದ ಬೀಳಿಸಿ ನೋಡುತ್ತಾರೆ, ನೀರಿಗೆ ಹಾಕಿ ನೋಡುತ್ತಾರೆ, ಮಲೆನಾಡಿನವನ ಹೆಬ್ಬೆರಳಿಗೆ ಕೊಟ್ಟು ನೋಡಬಾರದೇ? (ಅಲ್ಲಿಂದ ಹೊರಡುವ ಮೊದಲು ಎದುರಿನ ಹೋಟೆಲಿನಲ್ಲಿ ಕೂತು ಬರೆದ ಅರ್ಧದ ಕೊನೆಯ ಸಾಲು ಇದು. ಚೆನ್ನಾಗಿದೆ ಎಂದು ನನಗೇ ಅನ್ನಿಸಿತ್ತು.) ಇಂಥ ಬಣ್ಣ ಎರಡು ತಿಂಗಳೂ ನಿಲ್ಲುವುದಿಲ್ಲ, ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ ಎಂದು ಹೇಳಿ ಹೊರಬಿದ್ದೆ.

ಹೇಳುವ ಪ್ರಸಂಗ ಅದೇ ಮಧ್ಯಾಹ್ನ ಬಂತು.

ಕೊಪ್ಪದ ಕಡೆ ಅರ್ಧ ದಾರಿ ಬಂದಿರಬೇಕು. ರಸ್ತೆ ಪಕ್ಕ ಸಾಲಾಗಿ ಬೈಕುಗಳು ನಿಂತಿದ್ದವು. ಜನ ಇಳಿಜಾರಿನಲ್ಲಿ ತುಂಗೆಯ ಕಡೆ ಇಳಿಯುತ್ತಿದ್ದರು. ನಾನೂ ಇಳಿದೆ.

ಬೇಸಿಗೆಯ ಹೊಳೆ. ಬಂಡೆಗಳೆಲ್ಲ ಮೇಲೆದ್ದಿದ್ದವು. ನಡುವೆ ಒಂದು ಕಡೆ ಮಾತ್ರ ಆಳದ ಗುಂಡಿ, ಕಪ್ಪು ನೀರು. ದಡದ ಪಂಪಿನಿಂದ ಒಂದು ಪೈಪು ಆ ಗುಂಡಿಯೊಳಗೆ ಇಳಿದಿತ್ತು. ಅದರ ಬಾಯಿಗೆ ಫುಟ್‌ವಾಲ್ವ್, ಅಂದರೆ ನೀರು ಒಳಗೆಳೆಯುವ ಜಾಲರಿಯ ಕವಾಟ, ಇರುತ್ತದೆ. ಬೇಸಿಗೆಯಲ್ಲಿ ತರಗೆಲೆ ಬಂದು ಅದನ್ನು ಕಟ್ಟುತ್ತದೆ. ಪೈಪು ಮೇಲೆತ್ತುವುದು ನಾಲ್ಕು ಆಳಿನ ಕೆಲಸ. ಅದಕ್ಕೇ ನಮ್ಮ ಕಡೆ ಮೋಟಾರು ರಿಪೇರಿಯವರು ತಾವೇ ಮುಳುಗುತ್ತಾರೆ. ಉಸಿರು ಕಟ್ಟಿ, ಕೈಯಲ್ಲಿ ತಡಕಿ, ಕಸ ಕಿತ್ತು ಬಿಟ್ಟು ಮೇಲೆ ಬರುತ್ತಾರೆ. ಹೊಳೆಬದಿಯ ತೋಟಗಳಲ್ಲಿ ಇದು ಬೇಸಿಗೆಯ ಮಾಮೂಲು ಕೆಲಸ.

ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಒಬ್ಬ ಮನುಷ್ಯ ಮುಳುಗಿದ್ದನ್ನು ನೋಡಿದ್ದರು. ಮೇಲೆ ಬಂದದ್ದನ್ನು ನೋಡಲಿಲ್ಲ. ಕೂಗಿ ಜನ ಸೇರಿಸಿದವರು ಅವರೇ.

ಮುಳುಗಿದವನು ಯಾರು?

ಬಂಡೆಯ ಮೇಲೆ ಮಡಚಿಟ್ಟ ಟೀಶರ್ಟ್ ಇತ್ತು. ಪಂಪು ಕಂಪನಿಯವರು ಪುಕ್ಕಟೆ ಹಂಚಿದ ಹಳದಿ ಟೀಶರ್ಟ್. ಕೊಪ್ಪ, ಶೃಂಗೇರಿ, ಎನ್.ಆರ್. ಪುರ, ಎಲ್ಲ ಕಡೆಯ ಮೋಟಾರು ರಿಪೇರಿಯವರ ಮೈಮೇಲೂ ಅದೇ. ಅದರ ಮೇಲೆ ಒಂದು ಫೋನಿತ್ತು. ಚಾರ್ಜ್ ಮುಗಿದು ಆಫ್ ಆಗಿತ್ತು.

ಯಾರೋ ತೋಟದ ಯಜಮಾನರಿಗೆ ಫೋನು ಮಾಡಿದರು. ಅವರು ಊರಿನಲ್ಲಿರಲಿಲ್ಲ. ಕೊಪ್ಪದ ಮೋಟಾರು ಅಂಗಡಿಗೆ ಹೇಳಿದ್ದೆ, ಅವರು ಯಾರನ್ನೋ ಕಳಿಸಿರಬೇಕು ಎಂದರು. ಅಂಗಡಿಯವರನ್ನು ಕೇಳಿದರೆ, ತಮ್ಮ ಇಬ್ಬರು ಬೆಳಿಗ್ಗೆಯೇ ಬಸ್ಸು ಹಿಡಿದು ಹೊರಟಿದ್ದಾರೆ ಎಂದರು. ರಮೇಶ ಮತ್ತು ನಾಗೇಶ. ಒಂದು ಕೆಲಸ ಇಲ್ಲಿ, ಇನ್ನೊಂದು ನಮ್ಮದೇ ತಾಲ್ಲೂಕಿನ ನಾರ್ವೆ ಎಂಬ ಹಳ್ಳಿಯಲ್ಲಿ. ಎಲ್ಲಿಗೆ ಯಾರು ಎಂಬುದನ್ನು ಅವರವರೇ ಮಾತಾಡಿಕೊಳ್ಳುವುದು ವಾಡಿಕೆ. ರಮೇಶನ ಫೋನು ಸ್ವಿಚ್ ಆಫ್. ನಾಗೇಶನದು ವ್ಯಾಪ್ತಿ ಪ್ರದೇಶದ ಹೊರಗೆ. ನಾರ್ವೆಯ ತೋಟದಲ್ಲಿದ್ದರೆ ಅದು ಸಹಜ. ಆದರೆ ಚಾರ್ಜ್ ಮುಗಿಯುವುದು ಎಲ್ಲಿದ್ದರೂ ಸಹಜ.

ಅಷ್ಟರಲ್ಲಿ ರಮೇಶನ ಹೆಂಡತಿ ಬಂದರು. ಹೆಸರು ಪ್ರೇಮಾ. ಕೊಪ್ಪದಲ್ಲಿ ಬಟ್ಟೆ ಹೊಲಿಯುತ್ತಾರೆ. ಕುತ್ತಿಗೆಯಲ್ಲಿ ಟೇಪು ಹಾಗೇ ನೇತಾಡುತ್ತಿತ್ತು. ಕರೆತಂದವನು ಪಕ್ಕದ ಮನೆಯ ಆಟೋ ಡ್ರೈವರ್ ಸುಧಾಕರ.

ಪ್ರೇಮಾ ನೀರಿನ ಕಡೆ ನೋಡಲಿಲ್ಲ. ಟೀಶರ್ಟ್ ಎತ್ತಿ ನೋಡಿದರು, ಕೆಳಗಿಟ್ಟರು. ಫೋನು ಎತ್ತಿ ನೋಡಿದರು. ತಿರುಗಿಸಿದರು. ಮತ್ತೆ ತಿರುಗಿಸಿದರು.

"ಇದು ನಮ್ಮನೆಯವ್ರದ್ದಲ್ಲ."

ಸುತ್ತಲಿದ್ದವರು ಹತ್ತಿರ ಸರಿದರು.

"ಅಲ್ಲ ಸುಧಾಕರ. ಬಣ್ಣ ಇದೇ. ಆದ್ರೆ ಅವ್ರದ್ದು ಹೊಸ್ತು. ಮೊನ್ನೆ ಯುಗಾದಿ ಹೊತ್ತಿಗೆ ತಗಂಡದ್ದು. ಇದು ನೋಡು, ಮೂಲೆಯೆಲ್ಲ ಸವೆದು ಹೋಗಿದೆ. ಎಷ್ಟು ವರ್ಷದ್ದೋ ಎಂತದೋ."

"ದಿನಾ ನೋಡ್ತೀರಲ್ಲ ಅಕ್ಕ, ಗುರ್ತು ಸಿಗಲ್ವ?"

"ನಂಗೆಲ್ಲಿ ಮುಟ್ಟಕ್ಕೆ ಕೊಡ್ತಾರೆ? ಗ್ರೀಸು ಕೈಯಲ್ಲಿ ತಾವು ಹಿಡ್ಕಬಹುದು, ನಾ ಮುಟ್ಟಿದ್ರೆ ಮಾತ್ರ ಹೊಸ ಫೋನು ಹಾಳಾಗ್ತದಂತೆ." ಅಷ್ಟು ಹೇಳಿ ನಕ್ಕರು. ನಿಜವಾಗಿಯೂ ನಕ್ಕರು. "ಬರ್ತಾರೆ ನೋಡು ಸಂಜೆ. ನಾರ್ವೆಗೆ ಹೋಗಿದ್ದು ಅವ್ರೇ."

ನಾನು ಫೋನಿನ ಕಡೆ ನೋಡಿದೆ. ಅದು ಅವರ ಕೈಯಲ್ಲಿತ್ತು, ನಾನು ಎರಡು ಮಾರು ದೂರದಲ್ಲಿದ್ದೆ. ಕಡುನೀಲಿ. ಮೂಲೆಗಳು ಬೆಳ್ಳಗೆ. ಬಲ ಅಂಚಿನಲ್ಲಿ, ಸ್ವಿಚ್ಚಿನ ಕೆಳಗೆ, ಹುಣಸೆಬೀಜದಷ್ಟು ದೊಡ್ಡ ಬಿಳಿ ಕಲೆ.

ಆ ಕ್ಷಣ ನಾನು ಬಯಸಿದ್ದೇನು, ಹೇಳಲೇ? ಶೃಂಗೇರಿಯ ಅಂಗಡಿಯವರ ಮೊದಲ ಮಾತು ನಿಜವಾಗಲಿ ಎಂದು. ಹಂಗೆಲ್ಲ ಹೋಗುವ ಬಣ್ಣವೇ ಅಲ್ಲ ಅದು. ನನ್ನ ಫೋನೊಂದೇ ಕೆಟ್ಟ ಮಾಲು. ಮಿಕ್ಕವೆಲ್ಲ ವರ್ಷಗಟ್ಟಲೆ ಹೊಸದಾಗಿಯೇ ಇರುತ್ತವೆ. ಹಾಗಾದರೆ ಬಂಡೆಯ ಮೇಲೆ ಸಿಕ್ಕಿದ್ದು ಯಾರದೋ ಹಳೆಯ ಫೋನು.

ಯಾರದೋ ಎಂದರೆ ನಾಗೇಶನದು. ಅದೂ ನನಗೆ ಹೊಳೆಯಿತು. ಒಬ್ಬನನ್ನು ಉಳಿಸಲು ಇನ್ನೊಬ್ಬನನ್ನು ಮನಸ್ಸಿನಲ್ಲೇ ಗುಂಡಿಗೆ ಇಳಿಸುತ್ತಿದ್ದೆ.

ಪ್ರೇಮಾ ಸುತ್ತ ನೋಡಿ ನನ್ನ ಕಡೆ ತಿರುಗಿದರು. ಕನ್ನಡಕ, ಇಸ್ತ್ರಿ ಮಾಡಿದ ಅಂಗಿ. ತಿಳಿದವನು ಎಂದುಕೊಂಡಿರಬೇಕು.

"ನೀವೇ ಹೇಳಿ ಸಾರ್. ಇದು ಹೊಸ ಫೋನಾ?"

"ಹಂಗೆ ನೋಡಿ ಹೇಳಕ್ಕಾಗಲ್ಲಮ್ಮ," ಎಂದೆ.

ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ ಎಂದಿದ್ದವನು ನಾನೇ ಅಲ್ಲವೇ?

ಫೈರ್ ಸ್ಟೇಷನ್ನಿನವರು, ಪೊಲೀಸರು ದಾರಿಯಲ್ಲಿದ್ದರು. ಊರಿನ ಇಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುಳುಗಿ ಮುಳುಗಿ ಬರುತ್ತಿದ್ದರು. ಪ್ರತಿ ಸಲ ಅವರ ತಲೆ ಮೇಲೆ ಬಂದಾಗ ಎಲ್ಲರೂ ಅವರ ಕೈ ನೋಡುತ್ತಿದ್ದರು.

ಸುಧಾಕರನೇ ಹೇಳಿದ. "ಸುಮ್ನೆ ಇದು ಹೌದಾ ಅಲ್ವಾ ಅಂತ ಕೂತ್ರೆ ಎಂತ ಆಗ್ತದೆ? ಸಿಮ್ಮು ತೆಗ್ದು ಬೇರೆ ಫೋನಿಗೆ ಹಾಕನ. ರಮೇಶಣ್ಣನ ನಂಬರಿಗೆ ಮಾಡನ. ಆಗ್ಲಿಲ್ಲ ಅಂದ್ರೆ ಅವನದ್ದಲ್ಲ, ಮುಗೀತು."

ಸರಿ ಎಂದರು ಪ್ರೇಮಾ. ಅವರಿಗೆ ಅಷ್ಟು ನಂಬಿಕೆಯಿತ್ತು.

ಸುಧಾಕರನ ಫೋನಿನಲ್ಲಿ ಎರಡೂ ಸಿಮ್ ತುಂಬಿದ್ದವು. ಉಳಿದವರದೂ ಹಾಗೇ. "ಸಾರ್, ನಿಮ್ದು?" ಎಂದ.

ನನ್ನದರಲ್ಲಿ ಒಂದು ಜಾಗ ಖಾಲಿಯಿತ್ತು.

ಜೇಬಿನಿಂದ ಫೋನು ತೆಗೆದೆ. ಬೇರೆ ದಾರಿ ಇತ್ತೇ? ಇತ್ತು. ನನ್ನದರಲ್ಲೂ ಎರಡು ಸಿಮ್ ಇವೆ ಎನ್ನಬಹುದಿತ್ತು. ಇಷ್ಟು ದಿನ ಅದನ್ನೇ ಯೋಚಿಸುತ್ತಿದ್ದೇನೆ.

ಪ್ರೇಮಾ ನನ್ನ ಕೈ ನೋಡಿದರು. ತಮ್ಮ ಕೈಯಲ್ಲಿದ್ದುದನ್ನು ನೋಡಿದರು. ಎರಡನ್ನೂ ಪಕ್ಕಪಕ್ಕ ಹಿಡಿದರು. ಅದೇ ನೀಲಿ, ಅದೇ ಮೂಲೆ, ಅದೇ ಜಾಗದ ಅದೇ ಬಿಳಿ.

"ಇದು ಯಾವಾಗ ತಗಂಡದ್ದು ಸಾರ್?"

"ಎರಡು ತಿಂಗಳಾಯ್ತಮ್ಮ."

"ಎರಡೇ ತಿಂಗಳಿಗೆ ಹಿಂಗಾಗಿದ್ದಾ?"

"ಹೂಂ."

"ಎಂತಕ್ಕೆ ಹಿಂಗಾಗದು?"

"ಎಲೆ ಅಡಿಕೆ ಹಾಕಿದ ಕೈಯಲ್ಲಿ ಹಿಡಿದ್ರೆ... ಸುಣ್ಣ ತಾಗಿ."

ಅವರು ಆ ಬಿಳಿ ಕಲೆಯ ಮೇಲೆ ತಮ್ಮ ಹೆಬ್ಬೆರಳು ಇಟ್ಟು ನೋಡಿದರು. ರಮೇಶ ಎಲೆ ಅಡಿಕೆ ಹಾಕುತ್ತಾನೆಯೇ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಸಿಮ್ಮಿನ ಟ್ರೇ ತೆಗೆಯಲು ಸೂಜಿಯಂಥದು ಬೇಕಲ್ಲ? ಯಾರ ಹತ್ತಿರವೂ ಇರಲಿಲ್ಲ. ಒಬ್ಬರು ಕಡ್ಡಿ ಹುಡುಕಿದರು, ಇನ್ನೊಬ್ಬರು ಬೈಕಿನ ಕಡೆ ಓಡಿದರು. ಪ್ರೇಮಾ ತಮ್ಮ ಎಡಗೈ ನೋಡಿಕೊಂಡರು. ಬಳೆಗೆ ನಾಲ್ಕಾರು ಸೇಫ್ಟಿಪಿನ್ನುಗಳನ್ನು ಸಿಕ್ಕಿಸಿಕೊಂಡಿದ್ದರು, ನಮ್ಮ ಮನೆಗಳ ಹೆಂಗಸರು ಸಿಕ್ಕಿಸಿಕೊಳ್ಳುವ ಹಾಗೆ. ಅದರಲ್ಲಿ ಒಂದನ್ನು ಬಿಡಿಸಿದರು. ಬಾಯಿ ಬಿಚ್ಚಿ, ನೆಟ್ಟಗೆ ಮಾಡಿ, ಸುಧಾಕರನ ಕೈಗೆ ಕೊಟ್ಟರು.

ಸುಧಾಕರ ಟ್ರೇ ಹೊರಗೆಳೆದ.

ಸಿಮ್ ನನ್ನ ಫೋನಿಗೆ ಹೋಯಿತು. ನೆಟ್‌ವರ್ಕ್ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಎರಡು ಕಡ್ಡಿ ಬಂದವು. "ಈಗ ಮಾಡಿ ಅಕ್ಕ," ಎಂದ ಸುಧಾಕರ.

ಪ್ರೇಮಾ ತಮ್ಮ ಫೋನಿನಲ್ಲಿ ಗಂಡನ ನಂಬರು ಒತ್ತಿ ಕಿವಿಗಿಟ್ಟುಕೊಂಡರು. ಕೊಪ್ಪದಿಂದ ಇಲ್ಲಿಯವರೆಗೆ ಆಟೋದಲ್ಲಿ ಎಷ್ಟು ಸಲ ಅದೇ ನಂಬರು ಒತ್ತಿದ್ದರೋ. ಪ್ರತಿ ಸಲವೂ ಸ್ವಿಚ್ ಆಫ್ ಎಂದೇ ಕೇಳಿತ್ತು. ಅದಕ್ಕೇ ಇರಬೇಕು, ಒಂದು ಗಳಿಗೆ ಅವರಿಗೆ ಎಲ್ಲ ಮರೆತುಹೋಯಿತು. ಮುಖ ಅರಳಿತು.

"ರಿಂಗ್ ಆಗ್ತಾ ಇದೆ!" ಎಂದರು. "ಸುಧಾಕರ, ರಿಂಗ್ ಆಗ್ತಾ ಇದೆ!"

ಆಮೇಲೆ ಅದು ನನ್ನ ಕೈಯಲ್ಲಿ ಬಡಿದುಕೊಂಡಿತು.

ನಾನು ಏನು ಮಾಡಬೇಕಿತ್ತು? ಎತ್ತುವುದೇ? ಕಟ್ ಮಾಡುವುದೇ? ಎರಡೂ ನನ್ನಿಂದ ಆಗಲಿಲ್ಲ. ಅವರೂ ಕಿವಿಯಿಂದ ಫೋನು ತೆಗೆಯಲಿಲ್ಲ. ಅದು ತಾನಾಗಿ ನಿಲ್ಲುವವರೆಗೆ ನಾವಿಬ್ಬರೂ ಹಾಗೇ ನಿಂತಿದ್ದೆವು. ಚಂದಾದಾರರು ಉತ್ತರಿಸುತ್ತಿಲ್ಲ ಎಂದು ಅವರ ಫೋನಿನೊಳಗಿನ ದನಿ ಹೇಳಿದ್ದು ನನಗೂ ಕೇಳಿಸಿತು. ಕನ್ನಡದಲ್ಲಿ ಒಮ್ಮೆ. ಇಂಗ್ಲಿಷಿನಲ್ಲಿ ಒಮ್ಮೆ.

ಆಗ ಪ್ರೇಮಾ ಮೊದಲ ಸಲ ನೀರಿನ ಕಡೆ ನೋಡಿದರು.

ಸಂಜೆಯ ಹೊತ್ತಿಗೆ ದೇಹ ಸಿಕ್ಕಿತು. ಒಳಗೆ ಏನಾಯಿತು, ಉಸಿರು ತಪ್ಪಿತೋ, ಕೈ ಸಿಕ್ಕಿಕೊಂಡಿತೋ, ನನಗೆ ಗೊತ್ತಿಲ್ಲ. ನೋಡಿಲ್ಲ. ಹಾಗಾಗಿ ಬರೆಯುವುದಿಲ್ಲ. ಸಿಮ್ಮನ್ನು ತೆಗೆದು ಆ ಫೋನಿಗೇ ಹಾಕಿ ಪೊಲೀಸರಿಗೆ ಕೊಟ್ಟೆ. ನಡೆದದ್ದನ್ನು ನಡೆದ ಹಾಗೆ ಹೇಳಿದೆ.

ಹೊರಡುವ ಹೊತ್ತಿಗೆ ಹಳದಿ ಟೀಶರ್ಟಿನ ಒಬ್ಬ ಮನುಷ್ಯ ರಸ್ತೆಯಿಂದ ಓಡುತ್ತ ಇಳಿದು ಬಂದ. ಜನರೆಲ್ಲ ತಿರುಗಿದರು. ಪ್ರೇಮಾ ಕೂತಲ್ಲಿಂದ ಎದ್ದೇಬಿಟ್ಟರು.

ನಾಗೇಶ.

"ಇದು ನಂಗೆ ಬಂದ ಕೆಲ್ಸ ಅತ್ತಿಗೆ," ಎಂದ ಅವನು, ನಿಂತಲ್ಲೇ. "ನಿಂಗೆ ಈಜು ಸಮ ಬರಲ್ಲ ಮಾರಾಯ, ನೀ ನಾರ್ವೆಗೆ ಹೋಗು ಅಂದ ರಮೇಶಣ್ಣ."

ಪ್ರೇಮಾ ಮತ್ತೆ ಕೂತರು.

ಮೊನ್ನೆ ಶೃಂಗೇರಿಯ ಅಂಗಡಿಯವರು ಫೋನು ಮಾಡಿದ್ದರು. ಖುಷಿಯಲ್ಲಿದ್ದರು. "ಸರ್, ಕಂಪನಿಯವ್ರು ಒಪ್ಪಿದಾರೆ. ಬಾಡಿ ಬದಲಾಯಿಸಿ ಕೊಡ್ತಾರಂತೆ. ತಂದು ಕೊಡಿ, ಹೊಸದರ ಹಂಗೆ ಆಗ್ತದೆ."

ಬೇಡ ಎಂದೆ. ಯಾಕೆ ಎಂದು ಅವರು ಕೇಳಿದರು. ಏನೋ ಹೇಳಿ ಇಟ್ಟೆ. ಈಗ ಎಲೆಗೆ ಸುಣ್ಣ ಸವರಿದರೆ ಬೆರಳು ತೊಳೆದೇ ಫೋನು ಮುಟ್ಟುತ್ತೇನೆ. ಆದರೂ ಹೆಬ್ಬೆರಳು ಹೋಗಿ ಕೂರುವುದು ಆ ಬಿಳಿಯ ಮೇಲೇ.

ನಿಮ್ಮಲ್ಲಿ ಕೆಲವರು ಇದೇ ಮಾಡೆಲ್ ಕೊಳ್ಳುವ ಯೋಚನೆಯಲ್ಲಿದ್ದೀರಿ. ಬಣ್ಣ ಬೇಗ ಹೋಗುತ್ತದೆಯೇ ಎಂದು ನನ್ನನ್ನು ಕೇಳಿದ್ದೀರಿ. ಹೋಗುತ್ತದೆ. ಅದು ಹೋಗಿದ್ದರಿಂದಲೇ ಒಬ್ಬ ಹೆಂಗಸಿಗೆ ಇನ್ನೊಂದಿಷ್ಟು ಹೊತ್ತು ಗಂಡ ಬದುಕಿದ್ದ.