ನಾಲ್ಕನೇ ಸೀಟಿನ ಉಸಿರು

ಉಸಿರು ಹಿಡಿಯುವುದನ್ನು ಅಕ್ಕುವಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಠಾಕುರ್ಲಿಯಿಂದ ಠಾಣೆಗೆ ಇಪ್ಪತ್ತಾರು ವರ್ಷ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಕೆಲಸಕ್ಕೆ ಓಡಾಡಿದವಳು ಅವಳು. ಕಲ್ಯಾಣದಲ್ಲೇ ತುಂಬಿದ ಗಾಡಿಗೆ ಠಾಕುರ್ಲಿಯಲ್ಲಿ ಹತ್ತಬೇಕು. ಡೊಂಬಿವ್ಲಿಯಲ್ಲಿ ಇನ್ನೊಂದು ಊರೇ ಹತ್ತುತ್ತದೆ. ಆಗ ಅಕ್ಕು ಇದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟು, ಎದೆ ಒಳಗೆಳೆದು, ಭುಜ ಮಡಚಿ ಬಿಗಿಹಿಡಿಯುತ್ತಾಳೆ. ಉಸಿರಾಟದ ವಿಚಾರವೆಲ್ಲ ಮುಂಬ್ರಾ ದಾಟಿದ ಮೇಲೆ. ಕೂರಲು ಜಾಗ ಸಿಕ್ಕಿದರೂ ಅದು ಮೂವರ ಬೆಂಚಿನಲ್ಲಿ ನಾಲ್ಕನೇ ಸೀಟು. ಅರ್ಧ ಅಕ್ಕು ಬೆಂಚಿನ ಮೇಲೆ, ಇನ್ನರ್ಧ ದೇವರ ಮೇಲೆ.

ಮನೆಯಲ್ಲೂ ಹಾಗೆಯೇ. ಕಾಪುವಿನಿಂದ ಮದುವೆಯಾಗಿ ಬಂದದ್ದು ಮೂರನೇ ಮಾಳಿಗೆಯ ಒಂದು ಕೋಣೆ, ಒಂದು ಅಡುಗೆಮನೆಗೆ. ಲಿಫ್ಟ್ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಗಂಡ ಲೀಲಾಧರ ಡೊಂಬಿವ್ಲಿಯ ಒಂದು ವೆಜ್ ಹೋಟೆಲಿನ ಮ್ಯಾನೇಜರ್; ಊರಿಂದ ಯಾರು ಬಂದರೂ ಮೊದಲು ಇಳಿಯುವುದು ಇವರ ಮನೆಯಲ್ಲಿ. ಅಕ್ಕು ಮಲಗುವುದು ಕಪಾಟಿಗೂ ಗೋಡೆಗೂ ನಡುವೆ. ಯಾರಿಗೂ ಅಡ್ಡವಾಗಲಿಲ್ಲ ಎಂಬುದು ಅವಳ ಬದುಕಿನ ದೊಡ್ಡ ಹೆಮ್ಮೆ. ಎಡ ಸ್ತನದಲ್ಲಿ ಗಂಟು ಕೈಗೆ ಸಿಕ್ಕಿದಾಗಲೂ ದೀಪಾವಳಿಯ ನೆಂಟರು ಹೊರಟ ಮೇಲೆಯೇ ಬಾಯಿಬಿಟ್ಟಳು. ಪುಣ್ಯಕ್ಕೆ ಅವರು ಬೇಗ ಹೊರಟರು.

ಆಪರೇಷನ್ ಆಯಿತು, ಗಂಟು ಹೋಯಿತು. ಉಳಿದದ್ದು ರೇಡಿಯೇಷನ್, ಹದಿನೈದು ದಿನ, ಸಾನಪಾಡಾದ ಹತ್ತಿರದ ಒಂದು ಆಸ್ಪತ್ರೆಯಲ್ಲಿ. ಅಲ್ಲಿ ಯಂತ್ರ ನಡೆಸುವ ರಮಿತಾ ಕಾರ್ಕಳದ ಹುಡುಗಿ. ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ಅವಳು ಬಿಡಿಸಿ ಹೇಳಿದಳು.

"ಆಂಟಿ, ಎದೆಯ ಹಿಂದೆಯೇ ಲಂಗ್ಸ್ ಉಂಟಲ್ಲ, ಕಿರಣ ಅದಕ್ಕೂ ಸ್ವಲ್ಪ ತಾಗ್ತದೆ. ತುಂಬ ತಾಗಿದ್ರೆ ಆಮೇಲೆ ಕೆಮ್ಮು, ದಮ್ಮು ಎಲ್ಲ ಬರಬಹುದು. ಎದೆ ತುಂಬ ಉಸಿರು ತಗೊಂಡು ಇಪ್ಪತ್ತು ಸೆಕೆಂಡ್ ಹಿಡಿದ್ರೆ ಲಂಗ್ಸಿಗೆ ತಾಗುವುದು ಕಡಿಮೆ. ಹಾರ್ಟೂ ಆಚೆ ಸರೀತದೆ."

"ಹಿಡಿಯಲಿಕ್ಕೆ ಆಗದಿದ್ರೆ?"

"ಹಾಗೆಯೂ ಕೊಡ್ತಾರೆ, ತುಂಬ ಜನರಿಗೆ ಏನೂ ಆಗುವುದಿಲ್ಲ. ಆದ್ರೆ ನಿಮಗೆ ಮೊದಲೇ ಟಿ.ಬಿ. ಆದದ್ದುಂಟಲ್ಲ, ಅದಕ್ಕೆ ಡಾಕ್ಟರಿಗೆ ಸ್ವಲ್ಪ ಮಂಡೆಬಿಸಿ."

ಹದಿನೆಂಟನೇ ವಯಸ್ಸಿನ ಆ ಟಿ.ಬಿ. ಎಡ ಶ್ವಾಸಕೋಶದಲ್ಲಿ ಒಂದು ಕಲೆ ಬಿಟ್ಟು ಹೋಗಿತ್ತು. ಆ ದಿನಗಳಲ್ಲಿ ಬಾವಿಯಿಂದ ಮನೆಗೆ ಬರುವಷ್ಟರಲ್ಲಿ ಮೂರು ಕಡೆ ಕೂರುತ್ತಿದ್ದದ್ದು ಅಕ್ಕುವಿಗೆ ನೆನಪಿದೆ. ಕ್ಯಾನ್ಸರಿಗೂ ಹೆದರದವಳು ಈ ಮಾತಿಗೆ ಹೆದರಿದಳು. ಉಸಿರು ಹೋದರೆ ಮೂರು ಮಾಳಿಗೆ ಹತ್ತುವುದು ಹೇಗೆ, ಠಾಣೆಯ ಮಾಜಿವಾಡಾದ ಕೆಲಸಕ್ಕೆ ಹೋಗುವುದು ಹೇಗೆ? ಮನೆಯಲ್ಲಿ ಕೂತು ಕೆಮ್ಮಿದರೆ ಎಲ್ಲರಿಗೂ ಅಡ್ಡ.

ಆದರೂ ಉಸಿರು ಹಿಡಿಯುವುದು ತಾನೇ, ಅದೇನು ಮಹಾ ಎಂದು ಸ್ಕ್ಯಾನಿಗೆ ಮಲಗಿದಳು. ಕಣ್ಣೆದುರಿನ ಪರದೆಯ ಮೇಲೆ ಒಂದು ಹಳದಿ ಗೆರೆ. ಎದೆ ಏರಿದರೆ ಅದು ಹಸಿರು ಚೌಕದೊಳಗೆ ಹೋಗಬೇಕು. "ಹಿಡೀರಿ" ಎಂದಳು ರಮಿತಾ. ಅಕ್ಕು ಹಿಡಿದಳು. ಗೆರೆ ಕೆಳಕ್ಕೆ ಹೋಯಿತು.

"ಆಂಟಿ, ನೀವು ಉಸಿರು ಬಿಟ್ಟು ಹಿಡೀತಾ ಇದ್ದೀರಿ."

"ಮತ್ತೆ ಹೇಗೆ ಹಿಡಿಯುವುದು ಮಾರಾಯ್ತಿ?"

ಐದು ಸಲವೂ ಅದೇ ಆಯಿತು. ಒಂದು ವಾರ ಅಭ್ಯಾಸ ಮಾಡಿ ಬನ್ನಿ, ಆಗಲೂ ಆಗದಿದ್ದರೆ ಮಾಮೂಲಿ ರೀತಿಯಲ್ಲೇ ಶುರುಮಾಡೋಣ ಎಂದರು ಡಾಕ್ಟರು.

ಮನೆಯಲ್ಲಿ ಮಗಳು ಸೋನಾಲಿ ಅಮ್ಮನ ಎದೆಯ ಮೇಲೆ ಬೆಂಕಿಪೆಟ್ಟಿಗೆ ಇಟ್ಟು ಕಾದು ಕೂತಳು. "ಮಮ್ಮಿ, ಯೇ ತೋ ಹಿಲಾ ಭೀ ನಹೀಂ" ಎಂದಳು. ಬೆಂಕಿಪೆಟ್ಟಿಗೆ ನಿಜಕ್ಕೂ ಅಲ್ಲಾಡಿರಲಿಲ್ಲ. ಲೀಲಾಧರ ಎಣಿಸುವ ಜವಾಬ್ದಾರಿ ಹೊತ್ತ. ಹೆಂಡತಿಯ ಮುಖ ಕೆಂಪೇರುವುದನ್ನು ನೋಡಲಾಗದೆ ಹನ್ನೆರಡರಿಂದ ನೇರ ಹದಿನೆಂಟಕ್ಕೆ ಹಾರಿದ. "ಮೋಸ ಮಾಡ್ಬೇಡಿ" ಎಂದಳು ಅಕ್ಕು. "ನಿನ್ನ ಕಷ್ಟ ನೋಡ್ಲಿಕ್ಕೆ ಆಗುದಿಲ್ಲ" ಎಂದ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಹಾಗೆ ಹೇಳಿದ್ದು ಮೊದಲ ಸಲ. ಅಂದಿನ ಅಭ್ಯಾಸ ಅಲ್ಲಿಗೇ ಮುಗಿಯಿತು.

ವಾರದ ಮೇಲೆ ಮತ್ತೆ ಅದೇ ಮೇಜು, ಅದೇ ಪರದೆ. ಎಲ್ಲರೂ ಹೊರಗೆ ಹೋದರು, ಬಾಗಿಲು ಮುಚ್ಚಿತು. ಅಕ್ಕು ಹಿಡಿದಳು, ಗೆರೆ ಕೆಳಕ್ಕೆ ಹೋಯಿತು. ಇನ್ನೊಮ್ಮೆ ಹಿಡಿದಳು, ಇನ್ನೂ ಕೆಳಕ್ಕೆ. ಕಣ್ಣಂಚಿನಲ್ಲಿ ನೀರು ಬಂತು. ಒರೆಸೋಣವೆಂದರೆ ಕೈ ತಲೆಯ ಮೇಲಿತ್ತು, ಅಲ್ಲಾಡಿಸುವ ಹಾಗಿರಲಿಲ್ಲ.

ಸ್ಪೀಕರಿನಲ್ಲಿ ರಮಿತಾಳ ದನಿ ಬಂತು. "ಆಂಟಿ, ನೀವು ದಿನಾ ಯಾವ ಗಾಡಿಗೆ ಹೋಗುದು?"

"ಠಾಕುರ್ಲಿಯಿಂದ, ಎಂಟು ಹದಿನಾಲ್ಕರದ್ದು."

ರಮಿತಾ ಕೂಡ ಅದೇ ದಾರಿಯಲ್ಲಿ ಕಲ್ಯಾಣದವರೆಗೆ ಓಡಾಡುವವಳು; ಡೊಂಬಿವ್ಲಿಯ ನೂಕುನುಗ್ಗಲು ಅವಳಿಗೂ ಗೊತ್ತು.

"ಆಂಟಿ, ಕೇಳಿ. ಇಲ್ಲಿ ಡೊಂಬಿವ್ಲಿ ಬರುದಿಲ್ಲ. ಯಾರೂ ಹತ್ತುದಿಲ್ಲ. ಈ ಡಬ್ಬಿ ಪೂರಾ ನಿಮ್ದೇ."

ಅಕ್ಕು ಕಣ್ಣು ಹೊರಳಿಸಿ ನೋಡಿದಳು. ಕೋಣೆ ಅವಳ ಮನೆಯ ಎರಡರಷ್ಟಿತ್ತು. ಅದರಲ್ಲಿ ಇದ್ದವಳು ಅವಳೊಬ್ಬಳೇ. ಇಷ್ಟು ಜಾಗದಲ್ಲಿ ಒಬ್ಬಳೇ ಇದ್ದದ್ದು ಯಾವಾಗ ಎಂದು ಯೋಚಿಸಿದಳು, ನೆನಪಾಗಲಿಲ್ಲ. ಹಾಗೆ ಯೋಚಿಸುತ್ತಲೇ ಉಸಿರು ಒಳಗೆ ಬಂತು. ಪಕ್ಕೆಲುಬು ಅಗಲವಾಯಿತು, ಭುಜ ಬಿಚ್ಚಿತು. ಇಷ್ಟು ದೊಡ್ಡ ಎದೆಗೂಡು ತನಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಗೆರೆ ಹಸಿರು ಚೌಕ ಹೊಕ್ಕು ಅಲ್ಲೇ ನಿಂತಿತು. ಇಪ್ಪತ್ತೆರಡು ಸೆಕೆಂಡ್. ಈ ಸಲ ಎಣಿಸಿದ್ದು ಯಂತ್ರ.

ಹದಿನೈದು ದಿನವೂ ಹಾಗೆಯೇ ನಡೆಯಿತು. ಕೊನೆಯ ದಿನ "ಇನ್ನು ಬರುವುದು ಬೇಡ ಆಂಟಿ" ಎಂದಾಗ ಅಕ್ಕುವಿಗೆ ಒಂದಿಷ್ಟು ಬೇಸರವೇ ಆಯಿತು. ಕೆಲವು ತಿಂಗಳ ಮೇಲೆ ತೆಗೆದ ಸ್ಕ್ಯಾನಿನಲ್ಲಿ ಹಳೆಯ ಕಲೆ ಹಳೆಯ ಜಾಗದಲ್ಲೇ ಇತ್ತು, ಹೊಸದೇನೂ ಇರಲಿಲ್ಲ. ಅವಳು ಎಲ್ಲೂ ಕೂರದೆ ಮೂರು ಮಾಳಿಗೆ ಹತ್ತಿ ಆ ಸುದ್ದಿ ಹೇಳಿದಳು.

ಮತ್ತೆ ಕೆಲಸಕ್ಕೆ ಹೊರಟ ದಿನ ಪರಿಚಯದವರೊಬ್ಬರು ಎದ್ದು ಕಿಟಕಿಯ ಸೀಟು ಕೊಟ್ಟರು. ಡೊಂಬಿವ್ಲಿ ಬಂತು. ಹತ್ತಿದವಳೊಬ್ಬಳು ಬೆಂಚಿನ ತುದಿಗೆ ಸೊಂಟ ತಾಗಿಸಿ "ಥೋಡಂ ಸರ್ಕಾ" ಎಂದಳು, ಸ್ವಲ್ಪ ಸರಿಯಿರಿ ಎಂದು. ಅಕ್ಕು ಎದೆ ತುಂಬ ಉಸಿರು ತೆಗೆದುಕೊಂಡು ಹಿಡಿದಳು. ಇಪ್ಪತ್ತರವರೆಗೆ ಎಣಿಸಿ ನಿಧಾನವಾಗಿ ಬಿಟ್ಟಳು. ಆಮೇಲೂ ಸರಿಯಲಿಲ್ಲ.